ಕಾರು, ರೇಸು ಅಂದ್ರೆ ಪ್ರಾಣ ಬಿಡುವವರಿಗೆ ಒಂದಿಷ್ಟು ಒಳ್ಳೆ ಚಾನೆಲ್‌ಗಳು

ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೆರಡಾದ ಮೇಲೆ ಒಂದು ಸುತ್ತು ಹಾಕಿ ನೋಡಿ. ಒಂದು ರೂಮಿನಲ್ಲಿ ಸಿನಿಮಾ, ಇನ್ನೊಂದರಲ್ಲಿ ಗೇಮ್, ಮೂರನೇದರಲ್ಲಿ ಯಾರಾದರೂ ಕಾರಿನ ವಿಡಿಯೊ ನೋಡ್ತಾ ಕೂತಿರ್ತಾರೆ. ಯಾವ ಕಾರಿನ ಹಾರ್ಸ್‌ಪವರ್ ಎಷ್ಟು, ಯಾವುದರ ಟಾಪ್ ಸ್ಪೀಡ್ ಎಷ್ಟು ಅಂತ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳ್ತಾರೆ. ಆದರೆ ಕಳೆದ ಸೆಮಿಸ್ಟರ್ ವೈವಾದಲ್ಲಿ ಎಕ್ಸ್‌ಟರ್ನಲ್ ಒಬ್ಬರು "ಕಾರಿಗೆ ಡಿಫರೆನ್ಷಿಯಲ್ ಯಾಕಪ್ಪ ಬೇಕು?" ಅಂತ ಕೇಳಿದಾಗ ನಮ್ಮ ಬ್ಯಾಚಿನ ಅರ್ಧ ಜನ ಫ್ಯಾನ್ ನೋಡಿಕೊಂಡು ನಿಂತಿದ್ದೆವು.

ಸರಿಯಾಗಿ ಉತ್ತರ ಕೊಟ್ಟವನು ಹಾವೇರಿ ಕಡೆಯ ನಮ್ಮ ಗೆಳೆಯ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಮೊದಲ ವರ್ಷ ಇಂಗ್ಲಿಷ್ ಲೆಕ್ಚರ್‌ಗಳಲ್ಲಿ ಕೊನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರ್ತಿದ್ದ. ಹೊರಗೆ ಬಂದ ಮೇಲೆ "ಹೆಂಗೋ ಹೇಳಿದ್ಯಲ್ಲ ಮಾರಾಯ?" ಅಂತ ಕೇಳಿದ್ವಿ. "1937ರ ಒಂದು ಹಳೇ ವಿಡಿಯೊ ಐತಿ. ಅವರ ಇಂಗ್ಲಿಷ್ ತಿಳೀಲಿಲ್ಲ, ಸೌಂಡ್ ಬಂದ್ ಮಾಡ್ಕೊಂಡು ನೋಡಿದೆ. ಚಿತ್ರ ನೋಡಿದ್ರ ಸಾಕು, ತಿಳೀತೈತಿ" ಅಂದ.

ಅವತ್ತೇ ಅಂದುಕೊಂಡೆವು, ಕಾರು ಮತ್ತು ಮೋಟಾರ್‌ಸ್ಪೋರ್ಟ್ ಪ್ರೀತಿಸುವವರಿಗೆ ನಿಜಕ್ಕೂ ಏನಾದರೂ ಕಲಿಸುವ ಚಾನೆಲ್‌ಗಳ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೀಬೇಕು ಅಂತ. ಇಲ್ಲಿ ಹೇಳಿರುವುದೆಲ್ಲ ನಾವು ಕೂತು ನೋಡಿದ್ದು, ನಮಗೆ ಉಪಯೋಗಕ್ಕೆ ಬಂದದ್ದು.

ಬುಡದಿಂದ ಶುರು ಮಾಡೋಣ

ಮೊದಲು ಆ ಹಳೇ ವಿಡಿಯೊ. ಹೆಸರು 'ಅರೌಂಡ್ ದ ಕಾರ್ನರ್'. ಅಮೆರಿಕದ ಷೆವರ್ಲೆ ಕಂಪನಿಗಾಗಿ ಜಾಮ್ ಹ್ಯಾಂಡಿ ಸಂಸ್ಥೆ 1937ರಲ್ಲಿ ಮಾಡಿದ ಕಪ್ಪು-ಬಿಳುಪಿನ ಕಿರುಚಿತ್ರ. ಶುರುವಿನಲ್ಲಿ ಬೈಕ್ ಸವಾರರ ಸರ್ಕಸ್ ಇದೆ, ಬೇಕಾದರೆ ಅದನ್ನು ಹಾರಿಸಿ. ಆಮೇಲೆ ಎರಡು ಚಕ್ರ, ನಾಲ್ಕು ಕಡ್ಡಿ ಇಟ್ಟುಕೊಂಡು, ಒಂದೊಂದೇ ಭಾಗ ಸೇರಿಸುತ್ತಾ ಕೊನೆಗೆ ಪೂರ್ತಿ ಡಿಫರೆನ್ಷಿಯಲ್ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಕಾರು ತಿರುಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡೂ ಚಕ್ರ 1.5 ಮೀಟರ್ ಅಂತರದಲ್ಲಿದ್ದರೆ, ಒಂದು ಪೂರ್ತಿ ಸುತ್ತು ತಿರುಗುವಷ್ಟರಲ್ಲಿ ಹೊರಗಿನ ಚಕ್ರ ಸುಮಾರು 9.4 ಮೀಟರ್ ಜಾಸ್ತಿ ಓಡಿರುತ್ತದೆ. ಸುತ್ತು ದೊಡ್ಡದಿರಲಿ ಚಿಕ್ಕದಿರಲಿ, ಈ ವ್ಯತ್ಯಾಸ ಅಷ್ಟೇ ಇರುತ್ತದೆ. ಯಾಕೆ ಅಂತ ಒಂದು ಹಾಳೆ ತಗೊಂಡು ಲೆಕ್ಕ ಹಾಕಿ ನೋಡಿ, ಎರಡು ನಿಮಿಷದ ಕೆಲಸ. ಎರಡೂ ಚಕ್ರಗಳನ್ನು ಒಂದೇ ರಾಡಿಗೆ ಬಿಗಿದುಬಿಟ್ಟರೆ ಯಾವುದೋ ಒಂದು ಟೈರು ರಸ್ತೆಯ ಮೇಲೆ ಉಜ್ಜಿಕೊಂಡು ಹೋಗಬೇಕಾಗುತ್ತದೆ. ಡಿಫರೆನ್ಷಿಯಲ್ ಇರುವುದು ಅದನ್ನು ತಪ್ಪಿಸಲಿಕ್ಕೆ.

ಎರಡನೆಯದು ಎಂಜಿನಿಯರಿಂಗ್ ಎಕ್ಸ್‌ಪ್ಲೇನ್ಡ್. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿರುವ ಜೇಸನ್ ಫೆನ್ಸ್ಕಿ ಬಿಳಿ ಬೋರ್ಡಿನ ಮುಂದೆ ನಿಂತು ಮಾರ್ಕರ್‌ನಲ್ಲಿ ಪಾಠ ಮಾಡ್ತಾರೆ. ಟಾರ್ಕ್‌ಗೂ ಪವರ್‌ಗೂ ಏನು ವ್ಯತ್ಯಾಸ, ಟರ್ಬೊ ಮತ್ತು ಸೂಪರ್‌ಚಾರ್ಜರ್ ಹೇಗೆ ಬೇರೆ, ರೋಟರಿ ಎಂಜಿನ್ ಯಾಕೆ ಉಳಿಯಲಿಲ್ಲ, ಇಂಥವೆಲ್ಲ ಇವೆ. ನಮ್ಮ ಪಠ್ಯದಲ್ಲಿ ಬರುವ ಸಮೀಕರಣಗಳನ್ನೇ ಇವರು ನಿಜವಾದ ಕಾರಿನ ಅಂಕಿಗಳನ್ನು ಹಾಕಿ ಬಿಡಿಸ್ತಾರೆ. ಥರ್ಮೊಡೈನಾಮಿಕ್ಸ್ ಪರೀಕ್ಷೆಗೆ ಮುಂಚೆ ನೋಡಿದರೆ ಒಟ್ಟೊ ಸೈಕಲ್ ಬರೀ ಗ್ರಾಫ್ ಅನ್ನಿಸುವುದಿಲ್ಲ.

ಇಂಗ್ಲಿಷ್ ವೇಗ ಜಾಸ್ತಿ ಅನ್ನಿಸುವವರಿಗೆ ಲೆಸಿಕ್ಸ್ ಒಳ್ಳೆಯದು. ಐಐಟಿ ದೆಹಲಿಯಲ್ಲಿ ಓದಿದ ಸಾಬಿನ್ ಮ್ಯಾಥ್ಯೂ ಶುರು ಮಾಡಿದ ಚಾನೆಲ್ ಇದು, ಮುಂಚೆ ಲರ್ನ್ ಎಂಜಿನಿಯರಿಂಗ್ ಅಂತ ಹೆಸರಿತ್ತು. ಗೇರ್‌ಬಾಕ್ಸ್, ಕ್ಲಚ್, ಇಂಡಕ್ಷನ್ ಮೋಟಾರ್, ಎಲ್ಲದಕ್ಕೂ 3ಡಿ ಅನಿಮೇಷನ್. ಮಾತು ನಿಧಾನ, ಚಿತ್ರ ಸ್ಪಷ್ಟ. ಎಂಜಿನ್ ಒಂದರ ಮೇಲೇ ಹುಚ್ಚು ಇರುವವರು ಡ್ರೈವಿಂಗ್ 4 ಆನ್ಸರ್ಸ್ ನೋಡಿ. ಬೋರ್-ಸ್ಟ್ರೋಕ್ ಅನುಪಾತ, ಫೈರಿಂಗ್ ಆರ್ಡರ್, ಕ್ರ್ಯಾಂಕ್‌ನ ಆಕಾರದಿಂದ ಎಂಜಿನ್ ಶಬ್ದ ಹೇಗೆ ಬದಲಾಗುತ್ತೆ ಅನ್ನುವುದನ್ನೆಲ್ಲ ಬಿಡಿಸಿ ಬಿಡಿಸಿ ಹೇಳ್ತಾರೆ.

ಬಿಚ್ಚಿ ತೋರಿಸುವವರು

ನಮ್ಮ ಲ್ಯಾಬಿನಲ್ಲಿರುವ ಕಟ್ ಸೆಕ್ಷನ್ ಎಂಜಿನ್ ಎಷ್ಟು ಹಳೇದು ಅಂತ ನಿಮಗೂ ಗೊತ್ತು. ಇವತ್ತಿನ ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಯ ಒಳಗೆ ಏನಿದೆ ಅಂತ ನೋಡಬೇಕಾದರೆ ಎರಡು ಚಾನೆಲ್ ಸಾಕು.

ಒಂದು ವೆಬರ್‌ಆಟೋ. ಅಮೆರಿಕದ ಯೂಟಾ ರಾಜ್ಯದ ವೆಬರ್ ಸ್ಟೇಟ್ ಯೂನಿವರ್ಸಿಟಿಯ ಪ್ರೊಫೆಸರ್ ಜಾನ್ ಕೆಲ್ಲಿ ಇದನ್ನು ನಡೆಸಿದವರು. ಟೇಬಲ್ ಮೇಲೆ ಒಂದು ಟ್ರಾನ್ಸ್‌ಮಿಷನ್ ಇಟ್ಟುಕೊಂಡು ಬೋಲ್ಟ್ ಬೋಲ್ಟ್ ಬಿಚ್ಚಿ ವಿವರಿಸ್ತಾರೆ. ಹಿನ್ನೆಲೆ ಸಂಗೀತ ಇಲ್ಲ, ಕೂಗಾಟ ಇಲ್ಲ. ಟೊಯೋಟಾ ಪ್ರಿಯಸ್‌ನ ಟ್ರಾನ್ಸ್‌ಆಕ್ಸಲ್ ಬಗ್ಗೆ ಇರುವ ವಿಡಿಯೊಗಳನ್ನು ಖಂಡಿತ ನೋಡಿ. ಅದರಲ್ಲಿ ಒಂದು ಪ್ಲಾನೆಟರಿ ಗೇರ್ ಸೆಟ್ ಇದೆ. ಮಧ್ಯದ ಸನ್ ಗೇರ್‌ಗೆ ಒಂದು ಮೋಟಾರ್-ಜನರೇಟರ್, ಪ್ಲಾನೆಟ್ ಕ್ಯಾರಿಯರ್‌ಗೆ ಪೆಟ್ರೋಲ್ ಎಂಜಿನ್, ಹೊರಗಿನ ರಿಂಗ್ ಗೇರ್ ಕಡೆಗೆ ಎರಡನೇ ಮೋಟಾರ್ ಮತ್ತು ಚಕ್ರ. ಗೇರ್ ಬದಲಾಯಿಸುವ ಕೆಲಸವೇ ಇಲ್ಲದೆ ಎಂಜಿನ್ ತನಗೆ ಬೇಕಾದ ವೇಗದಲ್ಲಿ ಓಡುತ್ತೆ. ಇದೇ ತತ್ವದ ಮೇಲೆ ನಡೆಯುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ತಯಾರಾಗುತ್ತದೆ. ಕೆಲವು ಸೀನಿಯರ್‌ಗಳು ಆ ಕಡೆಯೇ ಕೆಲಸಕ್ಕೆ ಸೇರಬೇಕು ಅಂತ ಕಾಯ್ತಿದ್ದಾರೆ. ಇಂಟರ್‌ವ್ಯೂಗೆ ಹೋಗುವ ಮುಂಚೆ ಈ ವಿಡಿಯೊ ನೋಡಿಕೊಂಡು ಹೋದರೆ ನಷ್ಟವಿಲ್ಲ.

ಇನ್ನೊಂದು ಮನ್ರೋ ಲೈವ್. ಸ್ಯಾಂಡಿ ಮನ್ರೋ ಮುಂಚೆ ಫೋರ್ಡ್‌ನಲ್ಲಿದ್ದವರು. ಅವರ ಕಂಪನಿಯ ಕೆಲಸವೇ ಕಾರು ತಂದು ಪೂರ್ತಿ ಬಿಚ್ಚಿ, ಒಂದೊಂದು ಭಾಗಕ್ಕೆ ಎಷ್ಟು ಖರ್ಚಾಗಿದೆ ಅಂತ ಲೆಕ್ಕ ಹಾಕುವುದು. ಈ ಜಾಗದಲ್ಲಿ ನಾಲ್ಕು ಬೋಲ್ಟ್ ಯಾಕೆ, ಎರಡು ಸಾಲ್ತಿರಲಿಲ್ವಾ? ಹತ್ತಾರು ಶೀಟ್ ಮೆಟಲ್ ತುಂಡುಗಳ ಬದಲು ಒಂದೇ ದೊಡ್ಡ ಅಲ್ಯುಮಿನಿಯಂ ಎರಕ ಹೊಯ್ದರೆ ಏನು ಲಾಭ? ಇಂಥ ಪ್ರಶ್ನೆಗಳು ಕ್ಲಾಸಿನಲ್ಲಿ ಬರುವುದು ಅಪರೂಪ, ಫ್ಯಾಕ್ಟರಿಯಲ್ಲಿ ದಿನಾ ಬರುತ್ತವೆ.

ಕೈ ಕೊಳೆ ಮಾಡಿಕೊಳ್ಳುವವರು

ಬ್ಯಾಡ್ ಅಬ್ಸೆಷನ್ ಮೋಟಾರ್‌ಸ್ಪೋರ್ಟ್ ಅನ್ನುವ ಬ್ರಿಟಿಷ್ ಚಾನೆಲ್‌ನಲ್ಲಿ ಪ್ರಾಜೆಕ್ಟ್ ಬಿಂಕಿ ಅಂತ ಒಂದು ಸರಣಿ ಇದೆ. ನಿಕ್ ಮತ್ತು ರಿಚರ್ಡ್ ಅನ್ನುವ ಇಬ್ಬರು ಸೇರಿ ಒಂದು ಪುಟ್ಟ ಹಳೇ ಮಿನಿ ಕಾರಿನೊಳಗೆ ಟೊಯೋಟಾ ಸೆಲಿಕಾ ಜಿಟಿ-ಫೋರ್‌ನ ಟರ್ಬೊ ಎಂಜಿನ್ ಮತ್ತು ಫೋರ್ ವೀಲ್ ಡ್ರೈವ್ ತುರುಕಲು ಹೊರಟರು. 2013ರಲ್ಲಿ ಮೊದಲ ಭಾಗ ಬಂತು. ಆಮೇಲೆ ವರ್ಷಗಟ್ಟಲೆ ನಡೀತು. ಒಂದು ಬ್ರ್ಯಾಕೆಟ್ ಮಾಡಲಿಕ್ಕೆ ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡುವುದು, ಆಮೇಲೆ ಶೀಟ್‌ನಲ್ಲಿ, ಸರಿಯಾಗದಿದ್ದರೆ ಬಿಸಾಕಿ ಮತ್ತೆ ಮೊದಲಿಂದ. ನಡುವೆ ಟೀ, ಒಬ್ಬರ ಕಾಲು ಇನ್ನೊಬ್ಬರು ಎಳೆಯುವ ತಮಾಷೆ. ವರ್ಕ್‌ಶಾಪ್ ಲ್ಯಾಬಿನಲ್ಲಿ ಫಿಟ್ಟಿಂಗ್ ಜಾಬ್ ಫೈಲ್ ಮಾಡಿ ಮಾಡಿ ಬೇಜಾರಾದವರು ಇದನ್ನು ನೋಡಿದರೆ, ಅರ್ಧ ಮಿಲಿಮೀಟರ್ ಯಾಕೆ ಮುಖ್ಯ ಅಂತ ಅರ್ಥ ಆಗುತ್ತೆ.

ಆಸ್ಟ್ರೇಲಿಯಾದ ಮೈಟಿ ಕಾರ್ ಮಾಡ್ಸ್ ಇದಕ್ಕಿಂತ ಹಗುರ. ಮಾರ್ಟಿ ಮತ್ತು ಮೂಗ್ ಮನೆ ಮುಂದಿನ ಜಾಗದಲ್ಲೇ ಅಗ್ಗದ ಕಾರುಗಳನ್ನು ಇಟ್ಟುಕೊಂಡು ಪ್ರಯೋಗ ಮಾಡಿದವರು. ತಪ್ಪಾದರೆ ತಪ್ಪಾಯ್ತು ಅಂತ ಕ್ಯಾಮೆರಾ ಮುಂದೆಯೇ ಒಪ್ಪಿಕೊಳ್ತಾರೆ, ಅದೇ ನಮಗೆ ಇಷ್ಟ.

ರೇಸ್ ಅರ್ಥ ಮಾಡಿಕೊಳ್ಳಲಿಕ್ಕೆ

ಫಾರ್ಮುಲಾ ಒನ್ ಹೊಸದಾಗಿ ನೋಡೋಕೆ ಶುರು ಮಾಡಿದವರಿಗೆ ಮೊದಲ ಕೆಲವು ರೇಸ್ ಬರೀ ಕಾರುಗಳು ಸುತ್ತು ಹಾಕಿದ ಹಾಗೆ ಕಾಣುತ್ತೆ. ಅಂಥವರು ಚೈನ್ ಬೇರ್ ಚಾನೆಲ್‌ನಿಂದ ಶುರು ಮಾಡಿ. ಸರಳ ಅನಿಮೇಷನ್‌ಗಳಲ್ಲಿ ಅಂಡರ್‌ಕಟ್ ಅಂದ್ರೇನು, ಟೈರು ಯಾಕೆ ಸವೆಯುತ್ತೆ, ಮುಂದಿನ ಕಾರಿನ ಹಿಂದೆ ಹತ್ತಿರ ಹೋದರೆ ಹಿಡಿತ ಯಾಕೆ ಕಡಿಮೆಯಾಗುತ್ತೆ ಅಂತ ಹೇಳ್ತಾರೆ. ಡ್ರೈವರ್61 ಚಾನೆಲ್‌ನ ಸ್ಕಾಟ್ ಮ್ಯಾನ್ಸೆಲ್ ಸ್ವತಃ ರೇಸ್ ಓಡಿಸಿದವರು. ರೇಸಿಂಗ್ ಲೈನ್, ತಿರುವಿನೊಳಗೆ ಬ್ರೇಕನ್ನು ನಿಧಾನವಾಗಿ ಬಿಡುತ್ತಾ ಹೋಗುವ ಟ್ರೇಲ್ ಬ್ರೇಕಿಂಗ್, ಇವನ್ನೆಲ್ಲ ಸ್ಟೀರಿಂಗ್ ಹಿಡಿದವರ ಕಡೆಯಿಂದ ವಿವರಿಸ್ತಾರೆ.

ಏರೊಡೈನಾಮಿಕ್ಸ್ ಬೇಕು ಅನ್ನುವವರಿಗೆ ಕೈಲ್ ಎಂಜಿನಿಯರ್ಸ್. ಕೈಲ್ ಫಾರ್ಸ್ಟರ್ ಮರ್ಸಿಡಿಸ್ ಎಫ್1 ತಂಡದಲ್ಲಿ ಏರೊಡೈನಾಮಿಕ್ಸ್ ಕೆಲಸ ಮಾಡಿದವರು. 2022ರಲ್ಲಿ ಎಫ್1 ನಿಯಮ ಬದಲಾಗಿ ಕಾರಿನ ಅಡಿಭಾಗದಿಂದ ಡೌನ್‌ಫೋರ್ಸ್ ಪಡೆಯುವ ಗ್ರೌಂಡ್ ಎಫೆಕ್ಟ್ ಮತ್ತೆ ಬಂತಲ್ಲ, ಆಗ ಕಾರುಗಳು ನೇರ ರಸ್ತೆಯಲ್ಲಿ ಕುಪ್ಪಳಿಸಲು ಶುರು ಮಾಡಿದವು. ವೇಗ ಹೆಚ್ಚಿದಂತೆ ಕಾರು ನೆಲಕ್ಕೆ ಹತ್ತಿರ ಎಳೆಯಲ್ಪಡುತ್ತೆ, ತೀರಾ ಹತ್ತಿರವಾದಾಗ ಅಡಿಯಲ್ಲಿ ಗಾಳಿಯ ಹರಿವು ಕೆಡುತ್ತೆ, ಹಿಡಿತ ತಪ್ಪಿ ಕಾರು ಮೇಲೇಳುತ್ತೆ, ಮತ್ತೆ ಹರಿವು ಸರಿಹೋಗಿ ಕೆಳಗೆ ಎಳೆಯುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಮತ್ತು ವೈಬ್ರೇಷನ್ಸ್ ಎರಡೂ ಸಬ್ಜೆಕ್ಟ್ ಒಂದೇ ದೃಶ್ಯದಲ್ಲಿ! 2026ರಿಂದ ನಿಯಮ ಮತ್ತೆ ಬದಲಾಗಿದೆ. 2011ರಿಂದ ಇದ್ದ ಡಿಆರ್‌ಎಸ್ ಹೋಗಿ, ಮುಂದಿನ-ಹಿಂದಿನ ರೆಕ್ಕೆಗಳೇ ಕೋನ ಬದಲಿಸುವ ವ್ಯವಸ್ಥೆ ಬಂದಿದೆ, ವಿದ್ಯುತ್ ಮೋಟಾರಿನ ಪಾಲು 350 ಕಿಲೊವ್ಯಾಟ್‌ಗೆ ಏರಿದೆ. ಹೊಸದಾಗಿ ನೋಡಲು ಶುರು ಮಾಡುವವರಿಗೆ ಒಳ್ಳೆ ಸಮಯ, ಯಾಕಂದ್ರೆ ಹಳಬರೂ ಈಗ ಹೊಸದಾಗಿಯೇ ಕಲೀತಿದ್ದಾರೆ.

ಎಫ್1 ಒಂದೇ ಮೋಟಾರ್‌ಸ್ಪೋರ್ಟ್ ಅಲ್ಲ. ಡಬ್ಲ್ಯುಆರ್‌ಸಿ ಮತ್ತು ಡಕಾರ್ ರ‍್ಯಾಲಿಯ ಅಧಿಕೃತ ಚಾನೆಲ್‌ಗಳಲ್ಲಿ ಹೈಲೈಟ್ಸ್ ಸಿಗುತ್ತವೆ. ಡಕಾರ್ ನೋಡುವಾಗ ನಮ್ಮವರನ್ನು ನೆನೆಯದೆ ಇರಲಾಗುವುದಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ. ಕೇರಳದ ಹರಿತ್ ನೋವಾ 2024ರಲ್ಲಿ ಅದೇ ಡಕಾರ್‌ನ ರ‍್ಯಾಲಿ 2 ವಿಭಾಗ ಗೆದ್ದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾಸ್ ವಿಶ್ವಕಪ್‌ನ ಮಹಿಳಾ ವಿಭಾಗದಲ್ಲಿ ಚಾಂಪಿಯನ್ ಆದರು. ಬೆಂಗಳೂರಿನವರೇ ಆದ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದರು. ಇವರ ಓಟದ ತುಣುಕುಗಳನ್ನೂ ಹುಡುಕಿ ನೋಡಿ.

ನಮ್ಮ ರಸ್ತೆ, ನಮ್ಮ ಗಾಡಿ

ಮನೆಯಲ್ಲಿ ಕಾರು ಅಥವಾ ಬೈಕ್ ಕೊಳ್ಳುವ ಮಾತು ಬಂದರೆ ಅಪ್ಪ ಕೇಳುವುದು ನಮ್ಮನ್ನೇ, "ನೀನು ಎಂಜಿನಿಯರಿಂಗ್ ಓದ್ತಿದೀಯಲ್ಲ, ಯಾವುದು ಒಳ್ಳೇದು ಹೇಳು" ಅಂತ. ಆಗ ವಿದೇಶಿ ಚಾನೆಲ್ ಕೆಲಸಕ್ಕೆ ಬರುವುದಿಲ್ಲ. ಆಟೊಕಾರ್ ಇಂಡಿಯಾ, ಪವರ್‌ಡ್ರಿಫ್ಟ್, ಮೋಟರ್‌ಬೀಮ್ ನಮ್ಮ ಗುಂಡಿ-ಹಂಪುಗಳ ಮೇಲೆ ಓಡಿಸಿ ಹೇಳುವವರು. ಕನ್ನಡದಲ್ಲೇ ಬೇಕು ಅಂದರೆ ಡ್ರೈವ್‌ಸ್ಪಾರ್ಕ್ ಕನ್ನಡ ಇದೆ. ಒಂದೇ ರಿವ್ಯೂ ನೋಡಿ ತೀರ್ಮಾನಕ್ಕೆ ಬರಬೇಡಿ. ಕಂಪನಿಯವರು ಕರೆಸಿ, ಅವರೇ ಆರಿಸಿದ ರಸ್ತೆಯಲ್ಲಿ ಓಡಿಸಿದ ವಿಡಿಯೊಗೂ, ಆರು ತಿಂಗಳು ಇಟ್ಟುಕೊಂಡು ಓಡಿಸಿದ ಮೇಲೆ ಮಾಡಿದ ವಿಡಿಯೊಗೂ ತುಂಬಾ ವ್ಯತ್ಯಾಸ ಇರುತ್ತೆ.

ಅಪ್ಪ-ಅಮ್ಮನಿಗೆ ತೋರಿಸಲೇಬೇಕಾದದ್ದು ಗ್ಲೋಬಲ್ ಎನ್‌ಕ್ಯಾಪ್ ಚಾನೆಲ್. 2014ರಲ್ಲಿ ಇವರು ಭಾರತದ ಐದು ಜನಪ್ರಿಯ ಸಣ್ಣ ಕಾರುಗಳ ಬೇಸ್ ಮಾಡೆಲ್‌ಗಳನ್ನು 64 ಕಿ.ಮೀ. ವೇಗದಲ್ಲಿ ಗುದ್ದಿಸಿದಾಗ ಐದಕ್ಕೂ ದೊಡ್ಡವರ ಸುರಕ್ಷತೆಯಲ್ಲಿ ಸೊನ್ನೆ ಸ್ಟಾರ್ ಬಂತು. ಆಮೇಲೆ ನಿಯಮ ಬಿಗಿಯಾಯಿತು, 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಶುರುವಾಯಿತು. ನಿಧಾನಗತಿಯಲ್ಲಿ ಆ ಗೊಂಬೆಯ ತಲೆ ಸ್ಟೀರಿಂಗ್‌ಗೆ ಹೊಡೆಯುವುದನ್ನು ಒಮ್ಮೆ ನೋಡಿದವರು ಸನ್‌ರೂಫ್ ಇದೆಯಾ ಅಂತ ಮೊದಲು ಕೇಳುವುದಿಲ್ಲ.

ನೋಡಿದ್ದನ್ನೇ ನಂಬಿ ನಾವು ಕೆಟ್ಟ ಕಥೆ

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಒಂದು ಅವಮಾನದ ಕಥೆಯನ್ನೂ ಹೇಳಿಬಿಡ್ತೀವಿ. ನಮ್ಮಲ್ಲಿ ಕೆಲವರು ಫಾರ್ಮುಲಾ ಸ್ಟೂಡೆಂಟ್ ಮಾದರಿಯ ಕಾರು ಕಟ್ಟುವ ತಂಡದಲ್ಲಿದ್ದೇವೆ. ಅಲ್ಲಿ ಬ್ರೇಕ್ ಟೆಸ್ಟ್ ಅಂತ ಇರುತ್ತೆ. ಕಾರನ್ನು ಓಡಿಸಿ ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರ ಲಾಕ್ ಆಗಬೇಕು. ಆಗದಿದ್ದರೆ ಟ್ರ್ಯಾಕಿಗೆ ಬಿಡುವುದಿಲ್ಲ.

ನಮ್ಮ ಕಾರಿನಲ್ಲಿ ಮುಂದಿನ ಎರಡು ಚಕ್ರ ಲಾಕ್ ಆದವು. ಹಿಂದಿನವು ಪೆಡಲ್ ಎಷ್ಟು ಒತ್ತಿದರೂ ಆಗಲಿಲ್ಲ. ಎರಡು ಸಲ ಫೇಲ್. ಒಂದು ವರ್ಷ ನಿದ್ದೆಗೆಟ್ಟು ಕಟ್ಟಿದ ಗಾಡಿ ಪಿಟ್‌ನಲ್ಲೇ ನಿಂತಿತ್ತು. ಇನ್‌ಸ್ಪೆಕ್ಷನ್ ಮಾಡ್ತಿದ್ದವರು ಕೇಳಿದ್ದು ಒಂದೇ ಪ್ರಶ್ನೆ: "ಮುಂದೆ 75, ಹಿಂದೆ 25 ಅಂತ ಬ್ರೇಕ್ ಹಂಚಿದ್ದೀರಲ್ಲ, ಈ ಅಂಕಿ ಎಲ್ಲಿಂದ ಬಂತು?" ನಮ್ಮ ತಂಡದವನು ಮೆಲ್ಲಗೆ "ಒಂದು ವಿಡಿಯೊದಲ್ಲಿ ನೋಡಿದ್ವಿ ಸರ್" ಅಂದ. ಅವರು ಬೈಯಲಿಲ್ಲ. ಒಂದು ಪೆನ್ನು ಕೊಟ್ಟು "ಲೆಕ್ಕ ಮಾಡಿ" ಅಂದರು.

ಲೆಕ್ಕ ಇಷ್ಟೇ. ಡ್ರೈವರ್ ಸೇರಿ ಕಾರು 280 ಕೆ.ಜಿ. ನಿಂತಾಗ ಮುಂದೆ 45 ಭಾಗ, ಹಿಂದೆ 55 ಭಾಗ, ಅಂದರೆ 126 ಮತ್ತು 154 ಕೆ.ಜಿ. ಭಾರಕೇಂದ್ರದ ಎತ್ತರ 0.3 ಮೀಟರ್, ವೀಲ್‌ಬೇಸ್ 1.6 ಮೀಟರ್. ವೇಗ 1.2 ಜಿಯಷ್ಟು ಇಳಿಯುವಂತೆ ಬ್ರೇಕ್ ಹಾಕಿದಾಗ ಹಿಂದಿನಿಂದ ಮುಂದಕ್ಕೆ ಜರುಗುವ ಭಾರ 1.2 × 280 × 0.3 ÷ 1.6, ಅಂದರೆ 63 ಕೆ.ಜಿ. ಆಗ ಮುಂದೆ 189, ಹಿಂದೆ 91. ನಮಗೆ ಬೇಕಾಗಿದ್ದದ್ದು ಹೆಚ್ಚುಕಡಿಮೆ 67ಕ್ಕೆ 33. ವಿಡಿಯೊದಲ್ಲಿದ್ದದ್ದು ಎಂಜಿನ್ ಮುಂದೆ ಇರುವ ಸಾಮಾನ್ಯ ಕಾರು, ನಮ್ಮದರಲ್ಲಿ ಎಂಜಿನ್ ಹಿಂದೆ. ವಿಡಿಯೊದವರ ತಪ್ಪೇನೂ ಇರಲಿಲ್ಲ. ಅವರ ಉತ್ತರವನ್ನು ನಮ್ಮ ಪ್ರಶ್ನೆಗೆ ಬರೆದಿದ್ದು ನಾವು. ಬಯಸ್ ಬಾರ್ ತಿರುಗಿಸಿ ಮೂರನೇ ಸಲ ಹೋದಾಗ ನಾಲ್ಕೂ ಚಕ್ರ ಕಿರ್ರ್ ಅಂತ ನಿಂತವು. ಆದರೆ ಅಷ್ಟರಲ್ಲಿ ಅರ್ಧ ದಿನ ಹೋಗಿತ್ತು, ಒಂದು ಸ್ಪರ್ಧೆ ಕೈತಪ್ಪಿತ್ತು.

ಅವತ್ತಿನಿಂದ ನಮ್ಮ ತಂಡದಲ್ಲಿ ಒಂದು ಪದ್ಧತಿ ಇದೆ. ಯಾವುದೇ ವಿಡಿಯೊ ನೋಡಿದರೂ ಪಕ್ಕದಲ್ಲಿ ನೋಟ್‌ಬುಕ್ ಇರಬೇಕು. ಅವರು ಹೇಳಿದ ಅಂಕಿ ಬರೀಬಾರದು, ಆ ಅಂಕಿ ಹೇಗೆ ಬಂತು ಅನ್ನುವುದನ್ನು ಬರೀಬೇಕು. ಆಮೇಲೆ ನಮ್ಮ ಗಾಡಿಯ ಅಳತೆ ಹಾಕಿ ಮತ್ತೆ ಲೆಕ್ಕ ಮಾಡಬೇಕು. ಕೊನೆಗೆ ಪಕ್ಕದ ರೂಮಿನವನಿಗೆ ಕನ್ನಡದಲ್ಲಿ ವಿವರಿಸಬೇಕು. ಅವನಿಗೆ ಅರ್ಥ ಆಗಲಿಲ್ಲ ಅಂದರೆ ನಮಗೂ ಅರ್ಥ ಆಗಿಲ್ಲ ಅಂತಲೇ ಲೆಕ್ಕ.

ಇನ್ನೊಂದು ಮಾತು, ಜೂನಿಯರ್‌ಗಳು ದಯವಿಟ್ಟು ಕೇಳಿ. ವಿಡಿಯೊದಲ್ಲಿ ಮಾಡಿದ್ದನ್ನೆಲ್ಲ ಹಾಸ್ಟೆಲ್ ಪಾರ್ಕಿಂಗ್‌ನಲ್ಲಿ ಮಾಡೋಕೆ ಹೋಗಬೇಡಿ. ಕಂಪನಿ ನೀಡಿದ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆಧಾರದಲ್ಲಿ ಹೇಳಿದೆ. ಸಾರ್ವಜನಿಕ ರಸ್ತೆಯಲ್ಲಿ ಅನುಮತಿ ಇಲ್ಲದೆ ರೇಸ್ ಮಾಡಿದರೆ 189ನೇ ಕಲಂ ಪ್ರಕಾರ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನು ಬಿಡಿ, ರಿಂಗ್ ರೋಡಿನಲ್ಲಿ ಟಯರ್ ಬ್ಯಾರಿಯರ್ ಇಲ್ಲ, ಮಾರ್ಷಲ್ ಇಲ್ಲ, ಆಂಬುಲೆನ್ಸ್ ಕಾಯ್ತಾ ನಿಂತಿರಲ್ಲ. ಎದುರಿಗೆ ಬರುವವರು ಯಾರದೋ ಮನೆಯವರು. ಓಡಿಸಲೇಬೇಕು ಅನ್ನಿಸಿದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕ್ ಎರಡೂ ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟೇ ದೂರ. ಟ್ರ್ಯಾಕ್ ಡೇಗೆ ಹಣ ಕೂಡಿಸಿ. ಇಲ್ಲವೇ ನಮ್ಮ ತಂಡಕ್ಕೆ ಬಂದು ಒಂದು ಸ್ಪ್ಯಾನರ್ ಹಿಡೀರಿ.

ಕೊನೆಗೆ

ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಕನ್ನಡದ್ದು ಒಂದೇ ಒಂದು ಹೆಸರು, ಅದೂ ಗಾಡಿ ಕೊಳ್ಳುವವರಿಗಾಗಿ. ಪ್ಲಾನೆಟರಿ ಗೇರ್ ಅನ್ನು ಕನ್ನಡದಲ್ಲಿ ಬಿಚ್ಚಿ ತೋರಿಸುವ ಚಾನೆಲ್ ಒಂದನ್ನು ಇಲ್ಲಿ ಹೇಳಬೇಕು ಅಂತ ನಮಗೂ ಆಸೆ ಇತ್ತು. ಪ್ರತಿ ವರ್ಷ ನಮ್ಮ ಕಾಲೇಜಿಗೆ ಕನ್ನಡ ಮಾಧ್ಯಮದಿಂದ ಹುಡುಗ ಹುಡುಗಿಯರು ಬರ್ತಾರೆ. ಟ್ರ್ಯಾಕ್ಟರ್ ರಿಪೇರಿ ಮಾಡಿ ಗೊತ್ತಿರುತ್ತೆ, ಪಂಪ್‌ಸೆಟ್ ಬಿಚ್ಚಿ ಜೋಡಿಸಿ ಗೊತ್ತಿರುತ್ತೆ. ಆದರೆ ಮೊದಲ ಇಂಟರ್ನಲ್‌ನಲ್ಲಿ ಭಾಷೆಯ ಕಾರಣಕ್ಕೆ ಹಿಂದೆ ಬಿದ್ದು, ತಮಗೆ ತಲೆಯೇ ಇಲ್ಲ ಅಂದುಕೊಳ್ತಾರೆ.

ಅದಕ್ಕೇ ನಮ್ಮ ಸಂಘದಿಂದ ಈ ಸೆಮಿಸ್ಟರ್ ಒಂದು ಸಣ್ಣ ಪ್ರಯತ್ನ ಮಾಡ್ತಿದ್ದೇವೆ. ಹಾವೇರಿಯ ಗೆಳೆಯ ಮೊದಲ ವಿಡಿಯೊಗೆ ಒಪ್ಪಿಕೊಂಡಿದ್ದಾನೆ. ವಿಷಯ ಡಿಫರೆನ್ಷಿಯಲ್. ಗುಜರಿಯಿಂದ ಒಂದು ಹಳೇ ಆಕ್ಸಲ್ ತಂದು ತೊಳೆದಿಟ್ಟಿದ್ದೇವೆ. ಕ್ಯಾಮೆರಾ ಅಂದರೆ ಇರುವ ಮೊಬೈಲೇ, ಸ್ಟ್ಯಾಂಡ್ ಅಂದರೆ ಎರಡು ಡ್ರಾಯಿಂಗ್ ಬೋರ್ಡು. "ನನ್ನ ಭಾಷಾ ಹಿಂಗೈತಿ, ನಗ್ತಾರಲ್ಲೋ" ಅಂತ ಅವನಿಗೆ ಇನ್ನೂ ಸ್ವಲ್ಪ ಅಳುಕು. ಹಂಗೇ ಮಾತಾಡು ಅಂದಿದ್ದೇವೆ.

ನಿಮಗೆ ಗೊತ್ತಿರುವ ಒಳ್ಳೆ ಚಾನೆಲ್ ಇದ್ದರೆ ನಮಗೆ ತಿಳಿಸಿ. ಜೊತೆಗೆ ಬಿಚ್ಚಬಹುದಾದ ಹಳೇ ಗೇರ್‌ಬಾಕ್ಸ್ ಎಲ್ಲಾದರೂ ಸಿಕ್ಕರೆ, ಅದನ್ನಂತೂ ಮರೀದೆ ತಿಳಿಸಿ.